ಕಾಲು ಕುಂಟುವ ಮಗಳು ನರ್ಸ್ ಆಗಬಾರದೇ?

ಪಿಯುಸಿ ಫಲಿತಾಂಶ ಬಂದ ಕೂಡಲೇ ನಮ್ಮ ಮನೆಗಳಲ್ಲಿ ಒಂದೇ ಮಾತು: ಮುಂದೆ ಏನು? ದೇರಳಕಟ್ಟೆ, ಕಂಕನಾಡಿ ಅಂತ ಹತ್ತಿರದಲ್ಲೇ ನರ್ಸಿಂಗ್ ಕಾಲೇಜುಗಳಿವೆ. ಊರಲ್ಲೂ ಕೆಲಸ ಉಂಟು, ಗಲ್ಫ್‌ನಲ್ಲೂ ಉಂಟು. ಹಾಗಾಗಿ ಹೆಣ್ಣುಮಕ್ಕಳಲ್ಲಿ ಹಲವರು ನರ್ಸಿಂಗ್ ಅಂತಾರೆ, ಉಮ್ಮಂದಿರೂ ಒಪ್ಪುತ್ತಾರೆ. ಆದರೆ ಒಂದು ಕಾಲು ಎಳೆದು ನಡೆಯುವ ಹುಡುಗಿ ಅದೇ ಮಾತು ಹೇಳಿದರೆ ಮನೆ ಸುಮ್ಮನಾಗುತ್ತದೆ. "ನಿನ್ನಿಂದ ಆಗುತ್ತದಾ ಮೋಳೇ?" ಎಂದು ಯಾರೋ ಕೇಳುತ್ತಾರೆ. ಉತ್ತರಕ್ಕೆ ಕಾಯುವವರು ಕಡಿಮೆ.

ಆಗುತ್ತದೋ ಇಲ್ಲವೋ ಎಂಬುದನ್ನು ನೆಂಟರು ತೀರ್ಮಾನಿಸುವುದಲ್ಲ. ಅದಕ್ಕೆ ನಿಯಮ ಇದೆ, ತಪಾಸಣೆ ಇದೆ.

ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಕೋರ್ಸ್. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ ಸಾಮಾನ್ಯ ವರ್ಗಕ್ಕೆ 45 ಶೇಕಡಾ ಅಂಕ ಬೇಕು, ಇಂಗ್ಲಿಷ್‌ನಲ್ಲಿ ಪಾಸಾಗಿರಬೇಕು, 17 ವರ್ಷ ತುಂಬಿರಬೇಕು, ವೈದ್ಯಕೀಯ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು. ಆರ್ಟ್ಸ್, ಕಾಮರ್ಸ್ ಓದಿದವರಿಗೆ ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾ ದಾರಿ ಇದೆ.

ಭಾರತೀಯ ನರ್ಸಿಂಗ್ ಪರಿಷತ್ತಿನ 2021ರ ಬಿ.ಎಸ್ಸಿ. ನಿಯಮಾವಳಿಯಲ್ಲಿ ಅಂಗವಿಕಲರಿಗೆ 5 ಶೇಕಡಾ ಮೀಸಲಾತಿ ಹೇಳಿದೆ. ಆದರೆ ಅದು ಎಲ್ಲ ಬಗೆಯ ಅಂಗವೈಕಲ್ಯಕ್ಕೆ ಅಲ್ಲ. ಕಾಲಿನ ಚಲನವೈಕಲ್ಯ 40ರಿಂದ 50 ಶೇಕಡಾ ಒಳಗೆ ಇರುವವರಿಗೆ ಮಾತ್ರ. ಅದನ್ನು ನೋಡುವ ಸಮಿತಿಯಲ್ಲಿ ವೈದ್ಯಾಧಿಕಾರಿಯ ಜೊತೆ ಒಬ್ಬ ನರ್ಸಿಂಗ್ ತಜ್ಞರೂ ಇರಬೇಕು. 40ಕ್ಕಿಂತ ಕಡಿಮೆ ಇದ್ದರೆ ಈ ಮೀಸಲಾತಿ ಸಿಗುವುದಿಲ್ಲ, ಫಿಟ್‌ನೆಸ್ ಸಿಕ್ಕಿದರೆ ಎಲ್ಲರ ಹಾಗೆ ಸೀಟು ಪಡೆಯಬೇಕು. ಅಂದರೆ ಸರ್ಟಿಫಿಕೇಟಿನಲ್ಲಿ ಬರೆದಿರುವ ಒಂದು ಸಂಖ್ಯೆಯ ಮೇಲೆ ಮಗುವಿನ ದಾರಿ ನಿಂತಿದೆ.

ತೊಂದರೆ ಇರುವುದು ಇಲ್ಲೇ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಆ ಸರ್ಟಿಫಿಕೇಟೇ ಇಲ್ಲ. ಗಂಡುಮಗನಿಗಾದರೆ ಮಾಡಿಸುತ್ತಾರೆ. ಮಗಳದ್ದಾದರೆ, "ನಾಳೆ ಸಂಬಂಧ ಕೇಳಿಕೊಂಡು ಬರುವವರಿಗೆ ಗೊತ್ತಾದರೆ?" ಎಂಬ ಹೆದರಿಕೆ. ಕುಂಟು ಊರಿಗೆಲ್ಲ ಕಾಣುತ್ತದೆ, ಕಾಗದದಲ್ಲಿ ಮಾತ್ರ ಇರಬಾರದು! ಹೀಗೆ ಮುಚ್ಚಿಟ್ಟು ಹುಡುಗಿಯ ಹಕ್ಕಿನ ಸೀಟನ್ನು ನಾವೇ ಬಿಟ್ಟುಕೊಡುತ್ತೇವೆ. ಮದುವೆಯ ಮಾತು ಬಂದಾಗ ಕೈಯಲ್ಲಿ ಕೆಲಸ ಇರುವ ಮಗಳೂ, ಮೂಲೆಯಲ್ಲಿ ಕೂರಿಸಿದ ಮಗಳೂ ಒಂದೇ ಅಲ್ಲ ಎಂಬುದನ್ನು ಯೋಚಿಸಬೇಕು.

ಮಾಡಬೇಕಾದ್ದು ಕಷ್ಟದ್ದಲ್ಲ. ಯುಡಿಐಡಿ ಕಾರ್ಡಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ಸರಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಬೇಕು. ಇದನ್ನು ಪಿಯುಸಿ ಮುಗಿದ ಮೇಲೆ ಓಡಾಡಿ ಮಾಡುವುದಲ್ಲ, ಎಸೆಸೆಲ್ಸಿಯಲ್ಲೇ ಮಾಡಿಸಿ. ವಿಜ್ಞಾನ ತೆಗೆದುಕೊಳ್ಳಬೇಕೇ ಬೇಡವೇ ಎಂದು ಆಗಲೇ ಗೊತ್ತಾಗುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಸರಕಾರಿ ಕೆಲಸದಲ್ಲಿ 4 ಶೇಕಡಾ ಮೀಸಲಾತಿಯೂ ಇದೆ. ಅದಕ್ಕೂ ಈ ದಾಖಲೆಯೇ ಬೇಕು.

ಇನ್ನು ಕೆಲಸದ ಮಾತು. ಇಲ್ಲಿ ಸಿಹಿಮಾತು ಹೇಳಿ ಪ್ರಯೋಜನ ಇಲ್ಲ. ವಾರ್ಡಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕು, ನಡೆಯಬೇಕು. ರಾತ್ರಿ ಪಾಳಿ ಇದೆ. ರೋಗಿಯನ್ನು ಮಗ್ಗುಲು ತಿರುಗಿಸಬೇಕು, ಹಾಸಿಗೆಯಿಂದ ಗಾಲಿಕುರ್ಚಿಗೆ ದಾಟಿಸಬೇಕು. ಎದೆ ಬಡಿತ ನಿಂತರೆ ಎದೆ ಒತ್ತಬೇಕು. ತರಬೇತಿಯ ಸಮಯದಲ್ಲಿ ಮಕ್ಕಳ ವಾರ್ಡು, ಹೆರಿಗೆ ವಾರ್ಡು, ಆಪರೇಷನ್ ಥಿಯೇಟರ್ ಎಲ್ಲ ಕಡೆ ಹೋಗಲೇಬೇಕು, "ನನಗೆ ಇದು ಬೇಡ" ಎನ್ನುವ ಹಾಗಿಲ್ಲ. ಗಟ್ಟಿ ಮೈಯವರಿಗೇ ಈ ಕೆಲಸದಲ್ಲಿ ಬೆನ್ನುನೋವು ಬರುತ್ತದೆ.

ಆದರೆ ಭಾರ ಎತ್ತುವುದಕ್ಕೂ ಕ್ರಮ ಇದೆ. ಒಬ್ಬರೇ ಎತ್ತಬಾರದು, ಇಬ್ಬರು ಸೇರಬೇಕು, ಜಾರುವ ಹಾಳೆ ಬಳಸಬೇಕು ಎಂದು ಕಲಿಸುತ್ತಾರೆ. ಕಿವಿ ಸ್ವಲ್ಪ ಮಂದವಾದವರಿಗೆ ಶಬ್ದ ದೊಡ್ಡದು ಮಾಡುವ ಸ್ಟೆತೊಸ್ಕೋಪ್ ಸಿಗುತ್ತದೆ. ಕೋರ್ಸ್ ಮುಗಿದ ಮೇಲೆ ಎಲ್ಲರೂ ವಾರ್ಡಿನಲ್ಲೇ ಇರಬೇಕಂತಿಲ್ಲ. ಹೊರರೋಗಿ ವಿಭಾಗ, ಸೋಂಕು ನಿಯಂತ್ರಣ, ಶಾಲಾ ಆರೋಗ್ಯ, ನರ್ಸಿಂಗ್ ಕಾಲೇಜಿನಲ್ಲಿ ಪಾಠ ಎಂದು ಓಡಾಟ ಕಡಿಮೆಯ ಕೆಲಸಗಳೂ ಇವೆ. ಆದರೆ ಅಲ್ಲಿಗೆ ತಲುಪಲು ಆ ನಾಲ್ಕು ವರ್ಷ ದಾಟಬೇಕು.

ಆದ್ದರಿಂದ ಸೀಟು ಪಡೆಯುವ ಮೊದಲು ಮೂರು ಕೆಲಸ ಮಾಡಿ. ಮೂಳೆ ವೈದ್ಯರ ಹತ್ತಿರ ಹೋಗಿ, "ಈ ಕಾಲು ಹತ್ತು ವರ್ಷದ ಮೇಲೆ ಹೇಗಿರುತ್ತದೆ?" ಎಂದು ಬಿಡಿಸಿ ಕೇಳಿ. ಪರಿಚಯದ ನರ್ಸ್ ಒಬ್ಬರಲ್ಲಿ ಒಂದು ಪಾಳಿಯ ಕೆಲಸವನ್ನು ಗಂಟೆ ಗಂಟೆಯಾಗಿ ಹೇಳಲು ಹೇಳಿ. ಕಾಲೇಜಿನಲ್ಲಿ ಸಮಸ್ಯೆಯನ್ನು ಬಾಯಿಬಿಟ್ಟು ಹೇಳಿ, ಮುಚ್ಚಿಡಬೇಡಿ. ನರ್ಸ್‌ನ ಕೈಯಲ್ಲಿ ಇನ್ನೊಬ್ಬರ ಜೀವ ಇರುತ್ತದೆ.

ವಿದೇಶದ ಲೆಕ್ಕ ಬೇರೆ. ನಮ್ಮ ಕಾಯ್ದೆ ಗಲ್ಫ್‌ನಲ್ಲಿ ನಡೆಯುವುದಿಲ್ಲ, ಅಲ್ಲಿನ ವೈದ್ಯಕೀಯ ಪರೀಕ್ಷೆ ಅಲ್ಲಿನದ್ದೇ. ಗಲ್ಫ್ ಒಂದನ್ನೇ ನಂಬಿ ಸಾಲ ಮಾಡಿ ಓದಿಸಬೇಡಿ.

ಎಲ್ಲ ನೋಡಿದ ಮೇಲೂ ಆಗುವುದಿಲ್ಲ ಎಂದಾದರೆ ಅದು ಸೋಲಲ್ಲ. ಆಸ್ಪತ್ರೆ ಆಡಳಿತ, ವೈದ್ಯಕೀಯ ದಾಖಲೆ, ಆಪ್ತಸಮಾಲೋಚನೆ, ಸಮಾಜಕಾರ್ಯ, ಇವೂ ರೋಗಿಯ ಸೇವೆಯೇ.

ಮದೀನಾದಲ್ಲಿ ಗಾಯಾಳುಗಳನ್ನು ಆರೈಕೆ ಮಾಡಿದ ರುಫೈದಾ (ರ) ಅವರ ಹೆಸರು ನಮಗೆಲ್ಲ ಗೊತ್ತು. ಆ ದಾರಿಯಲ್ಲಿ ನಡೆಯುತ್ತೇನೆ ಎಂದು ಮಗಳು ಹೇಳಿದಾಗ ಮೊದಲು ಅವಳ ಕಾಲು ನೋಡಬೇಡಿ. ಅವಳ ಮಾತು ಪೂರ್ತಿ ಕೇಳಿ, ಆಮೇಲೆ ಅವಳನ್ನು ಕರೆದುಕೊಂಡು ವೈದ್ಯರಲ್ಲಿಗೆ ಹೋಗಿ.