ಸಣ್ಣ ಲ್ಯಾಪ್‌ಟಾಪಿಗೆ ಹಳೆ ಸಿಸ್ಟಂ: ಯಾವುದು ಹೊಂದುತ್ತೆ?

2008ರ ಹೊತ್ತಿಗೆ ಹತ್ತಿಂಚು ಪರದೆಯ ಸಣ್ಣ ಲ್ಯಾಪ್‌ಟಾಪುಗಳು ಕಡಿಮೆ ಬೆಲೆಗೆ ಬಂದವು. ನೆಟ್‌ಬುಕ್ ಅಂತ ಹೆಸರು. ನಮ್ಮ ಕಡೆ ಸಂಘಗಳಲ್ಲಿ, ಮಕ್ಕಳು ಓದಿ ಬಿಟ್ಟ ಮನೆಗಳಲ್ಲಿ ಇಂಥವು ಈಗಲೂ ಇವೆ. ಆನ್ ಮಾಡಿದರೆ ಚಾ ಕುಡಿದು ಬರೋವರೆಗೂ ಏಳೋದಿಲ್ಲ. ಹಾಗಾಗಿ ಅಟ್ಟ ಸೇರಿವೆ. ಹೆಚ್ಚಿನವು ಕೆಟ್ಟಿಲ್ಲ. ಮೇಲೆ ಹೇರಿದ ಭಾರ ಜಾಸ್ತಿಯಾಗಿದೆ, ಅಷ್ಟೆ.

ನಮ್ಮ ಸಂಘದ ಉಳಿತಾಯ, ಬಿತ್ತನೆ ಶೇಂಗಾದ ಸಾಲ, ಮಳೆ ಲೆಕ್ಕ ಎಲ್ಲಾ ಇಂಥದ್ದೇ ಒಂದರಲ್ಲಿದೆ. ಪೇಟೆಯ ಅಂಗಡಿಯಲ್ಲಿ 'ಇದನ್ನ ಗುಜರಿಗೆ ಹಾಕಿ, ಹೊಸದು ತಗೊಳ್ಳಿ' ಅಂದರು. ಹೊಸದಕ್ಕೆ ಉಳಿತಾಯದ ದುಡ್ಡು ಹೋದರೆ ಆ ಮುಂಗಾರಿಗೆ ಬೀಜಕ್ಕೆ ಸಾಲ ಕೊಡೋದು ಹ್ಯಾಗೆ? ಹಳೆಯದನ್ನೇ ಸರಿ ಮಾಡಿಕೊಂಡೆವು. ಆ ಕೆಲಸದ ವಿವರ ಇಲ್ಲಿದೆ.

ಮೊದಲು ಯಂತ್ರದ ತಾಕತ್ತು ನೋಡಿ

ವಿಂಡೋಸ್, ಲಿನಕ್ಸ್ ಮುಂತಾದವು ಆಪರೇಟಿಂಗ್ ಸಿಸ್ಟಂಗಳು. ಕೀಲಿಮಣೆ, ಪರದೆ, ಡಿಸ್ಕು ಎಲ್ಲದರಿಂದ ಕೆಲಸ ತೆಗೆಯೋ ಮೇಸ್ತ್ರಿ ಇದೇ. ಮೇಸ್ತ್ರಿಗೆ ಕೂರಲು ಜಾಗ ಬೇಕು. ಆ ಜಾಗ ರ‍್ಯಾಮ್. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಬಿಟ್ ಪ್ರೊಸೆಸರ್ ಬೇಕು. ನೆಟ್‌ಬುಕ್‌ಗಳಲ್ಲಿ ಸಾಮಾನ್ಯವಾಗಿ ಇರೋದು 1 ಜಿಬಿ. ಎತ್ತು ನೋಡಿ ನೊಗ ಹೂಡಬೇಕು.

ವಿಂಡೋಸ್ ಇರುವ ಯಂತ್ರವಾದರೆ ಕಂಪ್ಯೂಟರ್ ಚಿತ್ರದ ಮೇಲೆ ಬಲಗಡೆ ಗುಂಡಿ ಒತ್ತಿ 'ಪ್ರಾಪರ್ಟೀಸ್' ತೆರೆಯಿರಿ. ಪ್ರೊಸೆಸರ್ ಹೆಸರು, ರ‍್ಯಾಮ್ ಎರಡನ್ನೂ ಚೀಟಿಯಲ್ಲಿ ಬರೆದುಕೊಳ್ಳಿ. ಇಂಟೆಲ್ ಆಟಮ್ ಎನ್270, ಎನ್280 ಇದ್ದರೆ ಅದು 32 ಬಿಟ್. ಎನ್450, ಎನ್455 ಇದ್ದರೆ 64 ಬಿಟ್. ಮುಂದಿನ ಕೆಲಸವೆಲ್ಲ ಇದರ ಮೇಲೆ ನಿಂತಿದೆ.

ಹಳೆಯದು ಅಂದರೆ ಎಷ್ಟು ಹಳೆಯದು?

'ಹಳೆ ಎಕ್ಸ್‌ಪಿ ಹಾಕಿಸಿ, ಜಿಂಕೆ ಹಾಗೆ ಓಡುತ್ತೆ' ಅನ್ನೋರು ಬಹಳ. ಓಡೋದು ನಿಜ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಗೆ ಭಾರ ಕಡಿಮೆ. ಆದರೆ ಅದನ್ನ ಮಾಡಿದವರು 2014ರ ಏಪ್ರಿಲ್ 8ಕ್ಕೆ ರಿಪೇರಿ ನಿಲ್ಲಿಸಿದರು. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ ನಿಂತಿತು. ವಿಂಡೋಸ್ 10ಕ್ಕೂ ಮಾಮೂಲಿ ರಿಪೇರಿ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು.

ರಿಪೇರಿ ನಿಂತರೆ ಏನಾಗುತ್ತೆ? ಯಂತ್ರ ನಿಲ್ಲೋದಿಲ್ಲ. ಆದರೆ ಕಳ್ಳರು ನುಗ್ಗೋ ಕಂಡಿ ಹೊಸದಾಗಿ ಗೊತ್ತಾದಾಗ ಅದನ್ನ ಮುಚ್ಚೋರು ಇರೋದಿಲ್ಲ. ಬೇಲಿ ಬಿದ್ದ ಹೊಲ ಇದ್ದಂಗೆ. ಹಾಗಾಗಿ ಎಕ್ಸ್‌ಪಿ, 7 ಇರೋ ಯಂತ್ರವನ್ನ ಇಂಟರ್ನೆಟ್ಟಿಗೆ ಸೇರಿಸಬೇಡಿ. ಬೇರೆ ಯಾವುದರಲ್ಲೂ ನಡೆಯದ ಹಳೆ ಸಾಫ್ಟ್‌ವೇರ್ ಇದ್ದರೆ ಮಾತ್ರ, ನೆಟ್ ಇಲ್ಲದೆ ಬಳಸಿ. ಬ್ಯಾಂಕ್ ಪಾಸ್‌ವರ್ಡ್, ಓಟಿಪಿ ಅದರ ಹತ್ತಿರವೂ ಬರಬಾರದು.

ನಮಗೆ ಹೊಂದಿದ್ದು ಡೆಬಿಯನ್ 12. ಇದು ಲಿನಕ್ಸ್ ಜಾತಿಯದು, ದುಡ್ಡು ಕೊಡಬೇಕಿಲ್ಲ. 2023ರ ಜೂನ್‌ನಲ್ಲಿ ಬಂತು. 2025ರ ಆಗಸ್ಟ್‌ನಲ್ಲಿ 13 ಬಂದಿದೆ. ಆದರೆ 32 ಬಿಟ್ ಯಂತ್ರಕ್ಕೆ ಹೊಸದಾಗಿ ಹಾಕೋಕೆ 13ರಲ್ಲಿ ವ್ಯವಸ್ಥೆ ಇಲ್ಲ. 12ರಲ್ಲಿದೆ. ಇಲ್ಲಿ ಒಂದು ಹೆಜ್ಜೆ ಹಳೆಯದೇ ನಮಗೆ ಸರಿ.

ಅಳಿಸೋ ಮುಂಚೆ ಉಳಿಸಿ

ಹೊಸ ಸಿಸ್ಟಂ ಹಾಕುವಾಗ ಡಿಸ್ಕು ಪೂರ್ತಿ ಅಳಿಸಿ ಹೋಗುತ್ತೆ. ಲೆಕ್ಕ, ಫೋಟೋ ಎಲ್ಲಾ ಎರಡು ಕಡೆ ನಕಲು ಮಾಡಿ, ಎರಡು ಮನೆಗಳಲ್ಲಿ ಇಡಿ. ನಕಲಾದ ಫೈಲನ್ನ ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಸಾಲದ ಪಟ್ಟಿಯನ್ನ ಕಾಗದದ ಮೇಲೂ ತೆಗೆಸಿ, ಸದಸ್ಯರ ಸಹಿ ಹಾಕಿಸಿ. ಅಂಗಡಿಯವರಿಗೆ ಬಿಟ್ಟರೆ ಮೊದಲು 'ಫಾರ್ಮ್ಯಾಟ್' ಅಂತಾರೆ. ನಕಲು ಕೈಗೆ ಬರದೆ ಹೂಂ ಅನ್ನಬೇಡಿ.

ಇನ್ನೊಂದು ಎಚ್ಚರ. ನುಡಿ, ಬರಹದ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ ಫೈಲು ಆ ಫಾಂಟು ಇಲ್ಲದ ಕಡೆ ಕನ್ನಡವಾಗಿ ಕಾಣಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆ ಕಲಸಿದಂಗೆ ಕಾಣುತ್ತೆ. ಹಳೆ ಸಿಸ್ಟಂ ಇರುವಾಗಲೇ ಅದನ್ನ ಯೂನಿಕೋಡಿಗೆ ಬದಲಿಸಿಕೊಳ್ಳಿ. ಸದಸ್ಯರ ಹೆಸರೇ ಓದಲು ಬರದಿದ್ದರೆ ಲೆಕ್ಕ ಇದ್ದೂ ಇಲ್ಲದಂಗೆ.

ಹಾಕುವ ಕ್ರಮ

1. 8 ಜಿಬಿಯ ಪೆನ್‌ಡ್ರೈವ್ ಬೇಕು. ನೆಟ್‌ಬುಕ್ಕಿಗೆ ಸಿ.ಡಿ. ಹಾಕೋ ಜಾಗ ಇರಲ್ಲ. ಹೆಸರಿನಲ್ಲಿ 'ಐ386' ಇರುವ ಡೆಬಿಯನ್ 12ರ ಫೈಲು ಇಳಿಸಿಕೊಳ್ಳಿ. ಅದು 32 ಬಿಟ್ಟಿನದು. 'ಎಎಂಡಿ64' ಅಂತಿದ್ದರೆ 64 ಬಿಟ್ಟಿನದು, ಇಂಟೆಲ್‌ಗೂ ಅದೇ.

2. ಫೈಲನ್ನ ಸುಮ್ಮನೆ ನಕಲು ಮಾಡಿದರೆ ನಡೆಯಲ್ಲ. ಬೇರೆ ಕಂಪ್ಯೂಟರಿನಲ್ಲಿ ರೂಫಸ್ ಅನ್ನೋ ಉಚಿತ ಸಾಫ್ಟ್‌ವೇರಿನಿಂದ ಪೆನ್‌ಡ್ರೈವಿಗೆ 'ಬರೆಯಬೇಕು'. ಪೆನ್‌ಡ್ರೈವಿನಲ್ಲಿ ಮುಂಚೆ ಇದ್ದದ್ದು ಹೋಗುತ್ತೆ.

3. ಹಳೆ ಬ್ಯಾಟರಿ ನಂಬಬೇಡಿ. ಚಾರ್ಜರ್ ಹಾಕಿ, ಕರೆಂಟು ನಿಲ್ಲೋ ಹೊತ್ತು ನೋಡಿಕೊಂಡು ಶುರು ಮಾಡಿ. ನಡುವೆ ಕರೆಂಟು ಹೋದರೆ ಮೊದಲಿಂದ ಮಾಡಬೇಕಾಗುತ್ತೆ.

4. ಪೆನ್‌ಡ್ರೈವ್ ಸಿಕ್ಕಿಸಿ ಆನ್ ಮಾಡಿ, ತಕ್ಷಣ ಎಸ್ಕೇಪ್, ಎಫ್2 ಅಥವಾ ಎಫ್12 ಒತ್ತಿ. ಕಂಪನಿಗೊಂದು ಕೀಲಿ. ಬಂದ ಪಟ್ಟಿಯಲ್ಲಿ ಯುಎಸ್‌ಬಿ ಆರಿಸಿ.

5. 'ಗ್ರಾಫಿಕಲ್ ಇನ್‌ಸ್ಟಾಲ್' ಆರಿಸಿದರೆ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಪಾಸ್‌ವರ್ಡನ್ನ ಸಂಘದ ಪುಸ್ತಕದಲ್ಲಿ ಬರೆದು ಬೀಗದಲ್ಲಿಡಿ.

6. ಡಿಸ್ಕಿನ ಪ್ರಶ್ನೆ ಬಂದಾಗ ನಿಧಾನಿಸಿ. ಪೂರ್ತಿ ಡಿಸ್ಕು ಬಳಸು ಅಂದರೆ ಹಿಂದಿನದೆಲ್ಲ ಹೋಯಿತು. ಪೆನ್‌ಡ್ರೈವನ್ನೇ ಆರಿಸಿಬಿಟ್ಟಿಲ್ಲ ತಾನೇ ಅಂತ ಗಾತ್ರ ನೋಡಿ ಖಾತ್ರಿ ಮಾಡಿಕೊಳ್ಳಿ.

7. ಕೊನೆಗೆ ಯಾವ ಡೆಸ್ಕ್‌ಟಾಪ್ ಬೇಕು ಅಂತ ಕೇಳುತ್ತೆ. ಗ್ನೋಮ್‌ನ ಗುರುತು ತೆಗೆದು ಎಲ್‌ಎಕ್ಸ್‌ಡಿಇ ಗುರುತು ಮಾಡಿ. ಗ್ನೋಮ್ ಭಾರ, ಇದು ಹಗುರ. ಇದೊಂದು ತಪ್ಪಿದರೆ ಇಷ್ಟು ಮಾಡಿದ್ದೂ ದಂಡ.

ಏನು ಆಗುತ್ತೆ, ಏನು ಆಗಲ್ಲ

ಲೆಕ್ಕ ಬರೆಯೋದು, ಅರ್ಜಿ ಟೈಪ್ ಮಾಡೋದು, ಪಹಣಿಯ ಪಿಡಿಎಫ್ ನೋಡೋದು ಆರಾಮಾಗಿ ಆಗುತ್ತೆ. ಹಳೆ ಎಕ್ಸೆಲ್ ಫೈಲುಗಳು ಲಿಬ್ರೆ ಆಫೀಸಿನಲ್ಲಿ ತೆರೆಯುತ್ತವೆ. ದೊಡ್ಡ ವೆಬ್‌ಸೈಟು, ವಿಡಿಯೋ ತಿಣುಕುತ್ತವೆ. ರ‍್ಯಾಮನ್ನ 2 ಜಿಬಿಗೆ ಏರಿಸಿದರೆ ಸ್ವಲ್ಪ ಸಲೀಸು. ಎನ್270ಕ್ಕೆ ಅದಕ್ಕಿಂತ ಹೆಚ್ಚು ಹಿಡಿಸಲ್ಲ. ಪ್ರಿಂಟರ್ ಇದ್ದರೆ ಅದು ಲಿನಕ್ಸಿಗೆ ಹೊಂದುತ್ತೋ ಇಲ್ಲವೋ ಮೊದಲೇ ಕೇಳಿಕೊಳ್ಳಿ.

ಡೆಬಿಯನ್ 12ಕ್ಕೂ ಕೊನೆ ಇದೆ. 2028ರ ಜೂನ್ ಆಚೆ ಡೆಬಿಯನ್‌ನವರ ರಿಪೇರಿ ಸಿಗೋದಿಲ್ಲ. ಅಲ್ಲೀತನಕ ವಾರಕ್ಕೊಮ್ಮೆ ನೆಟ್ ಕೊಟ್ಟು ಅಪ್‌ಡೇಟ್ ಮಾಡಿ. ಆಮೇಲೆ ನೆಟ್ ಬಿಡಿಸಿ ಬರೀ ಲೆಕ್ಕಕ್ಕೆ ಇಟ್ಟುಕೊಳ್ಳಬಹುದು. ಅಷ್ಟರೊಳಗೆ ಹೊಸದಕ್ಕೆ ವರ್ಷಕ್ಕಿಷ್ಟು ಅಂತ ತೆಗೆದಿಟ್ಟರೆ ಬೀಜದ ದುಡ್ಡಿಗೆ ಕೈ ಹಾಕೋ ಪ್ರಸಂಗ ಬರೋದಿಲ್ಲ.