ಪುಟ್ಟ ಕಾರಿಗೊಂದು ನಂಬರ್ ಪ್ಲೇಟ್

ನಮ್ಮ ಕಾರುಗಳ ಉದ್ದನೆಯ ನಂಬರ್ ಪ್ಲೇಟು 500 ಮಿ.ಮೀ. ಅಗಲ, 120 ಮಿ.ಮೀ. ಎತ್ತರ ಇರುತ್ತದೆ. ಅದರ ಮೇಲಿನ ಅಕ್ಷರಗಳು 65 ಮಿ.ಮೀ. ಎತ್ತರವಿರಬೇಕು, ಗೆರೆ 10 ಮಿ.ಮೀ. ದಪ್ಪವಿರಬೇಕು ಎನ್ನುತ್ತದೆ ಕೇಂದ್ರ ಮೋಟಾರು ವಾಹನ ನಿಯಮಾವಳಿ. ಅಂಗೈಯಲ್ಲಿ ಹಿಡಿಸುವ 1:64 ಅಳತೆಯ ಮಾದರಿ ಕಾರಿಗೆ ಇದೇ ಪ್ಲೇಟು ಬೇಕೆಂದರೆ ಎಲ್ಲವನ್ನೂ 64ರಿಂದ ಭಾಗಿಸಬೇಕು. ಆಗ ಪ್ಲೇಟಿನ ಅಗಲ 7.8 ಮಿ.ಮೀ., ಅಕ್ಷರದ ಎತ್ತರ ಒಂದು ಮಿ.ಮೀ., ಗೆರೆಯ ದಪ್ಪ 0.16 ಮಿ.ಮೀ. ಲೆಕ್ಕವೇನೋ ಸುಲಭ. ಆದರೆ ಕಾರು ಕುಗ್ಗಿತೆಂದು ಪ್ರಿಂಟರಿನ ಚುಕ್ಕೆಯಾಗಲಿ, ಹಾಳೆಯ ದಪ್ಪವಾಗಲಿ ಕುಗ್ಗುವುದಿಲ್ಲ. ಮಾದರಿ ಕಾರಿಗೆ ಡೆಕಾಲ್ (ಮೈಗೆ ಅಂಟಿಸುವ ತೆಳು ಚಿತ್ರ) ಮಾಡುವವರ ಕೆಲಸವೆಲ್ಲ ಈ ಹೊಂದದ ಅಳತೆಗಳ ಜೊತೆಗಿನ ಹೆಣಗಾಟ.

ಮೊದಲ ಎಚ್ಚರಿಕೆ, ಡಬ್ಬಿಯ ಮೇಲೆ ಬರೆದ ಅಳತೆಯನ್ನು ಹಾಗೇ ನಂಬಬಾರದು. ಆಟಿಕೆ ಕಾರುಗಳನ್ನು ಹಲವು ಸಲ ಡಬ್ಬಿಯ ಗಾತ್ರಕ್ಕೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸಿರುತ್ತಾರೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುಬಿಂದುಗಳ ಅಂತರವನ್ನು ಕ್ಯಾಲಿಪರಿನಿಂದ ಅಳೆದು ನಿಜವಾದ ಕಾರಿನ ಅಳತೆಯೊಂದಿಗೆ ಹೋಲಿಸಿ. ಅಂಬಾಸಿಡರಿನಲ್ಲಿ ಈ ಅಂತರ 2,464 ಮಿ.ಮೀ. ನಿಮ್ಮ ಕೈಲಿರುವ ಮಾದರಿಯಲ್ಲಿ ಅದು 66 ಮಿ.ಮೀ. ಇದ್ದರೆ, ಡಬ್ಬಿಯಲ್ಲಿ ಏನೇ ಬರೆದಿರಲಿ, ನಿಜವಾದ ಅಳತೆ ಸುಮಾರು 1:37.

ಇನ್ನು ಮುದ್ರಣ. ಇಂಚಿಗೆ 300 ಚುಕ್ಕೆ ಹಾಕುವ ಪ್ರಿಂಟರಿನ ಒಂದು ಚುಕ್ಕೆಗೆ ಸಿಗುವ ಜಾಗ 0.085 ಮಿ.ಮೀ. ಚುರುಕಾದ ಕಣ್ಣು 30 ಸೆಂ.ಮೀ. ದೂರದಿಂದ ಬೇರ್ಪಡಿಸಿ ಕಾಣಬಲ್ಲ ಅತಿ ಸಣ್ಣ ಅಂತರವೂ ಹೆಚ್ಚುಕಡಿಮೆ ಅಷ್ಟೇ. ಪುಸ್ತಕದ ಚಿತ್ರಗಳಿಗೆ 300 ಸಾಕೆನ್ನುವುದು ಇದಕ್ಕೇ. ನಮ್ಮ ಪುಟ್ಟ ಪ್ಲೇಟಿಗೆ ಮಾತ್ರ ಸಾಲದು: 0.16 ಮಿ.ಮೀ. ಗೆರೆಗೆ ಇಲ್ಲಿ ಎರಡು ಚುಕ್ಕೆಯೂ ಪೂರ್ತಿ ದಕ್ಕುವುದಿಲ್ಲ, 8 ಮತ್ತು ‘ಬಿ’ ಒಂದೇ ಥರ ಕಾಣುತ್ತವೆ. ಇಂಚಿಗೆ 1,200 ಚುಕ್ಕೆಯಾದರೆ ಅದೇ ಗೆರೆಗೆ ಏಳು ಚುಕ್ಕೆ ಸಿಗುತ್ತವೆ. ವಿನ್ಯಾಸವನ್ನು ಫೋಟೊದಂತೆ ಬಿಂದುಗಳಲ್ಲಿ ಅಲ್ಲ, ಇಂಕ್‌ಸ್ಕೇಪ್‌ನಂಥ ವೆಕ್ಟರ್ ತಂತ್ರಾಂಶದಲ್ಲಿ ರೇಖೆಗಳಾಗಿ ಬರೆದರೆ ಎಷ್ಟು ಕುಗ್ಗಿಸಿದರೂ ಅಂಚು ಹರಿತವಾಗಿರುತ್ತದೆ.

ಅಂಗಡಿಯ ಸ್ಟಿಕ್ಕರ್ ಹಾಳೆ ಯಾಕೆ ಬೇಡ? ಅದರ ದಪ್ಪ 0.1 ಮಿ.ಮೀ. ಎಂದಿಟ್ಟುಕೊಳ್ಳಿ. 64ರಿಂದ ಗುಣಿಸಿ: ನಿಜವಾದ ಕಾರಿನ ಬಾಗಿಲಿಗೆ 6.4 ಮಿ.ಮೀ. ದಪ್ಪದ ಹಲಗೆ ಹೊಡೆದಂತಾಯಿತು! ಕಣ್ಣು ಅದನ್ನು ತಕ್ಷಣ ಹಿಡಿಯುತ್ತದೆ. ನೀರಿನಲ್ಲಿ ಜಾರುವ ಡೆಕಾಲ್ ಗೆಲ್ಲುವುದು ಇಲ್ಲಿ. ಕಾಗದದ ಮೇಲೆ ನೀರಿನಲ್ಲಿ ಕರಗುವ ಅಂಟಿನ ಪದರ, ಅದರ ಮೇಲೆ ಬಲು ತೆಳುವಾದ ಪಾರದರ್ಶಕ ಪೊರೆ, ಪೊರೆಯ ಮೇಲೆ ಚಿತ್ರ. ನೀರಿನಲ್ಲಿ ನೆನೆಸಿದರೆ ಅಂಟು ಕರಗಿ, ಪೊರೆ ಚಿತ್ರದ ಸಮೇತ ಜಾರಿ ಕಾರಿನ ಮೇಲೆ ಕೂರುತ್ತದೆ. ಕಾಗದ ಕೈಯಲ್ಲೇ ಉಳಿಯುತ್ತದೆ. ಇಂಕ್‌ಜೆಟ್ ಮಸಿ ನೀರಿಗೆ ಕದಡುವುದರಿಂದ ನೆನೆಸುವ ಮೊದಲೇ ಬಣ್ಣವಿಲ್ಲದ ವಾರ್ನಿಷ್ ಸಿಂಪಡಿಸಬೇಕು. ಲೇಸರ್ ಪ್ರಿಂಟರಿನ ಟೋನರ್ ಕರಗಿ ಅಂಟಿದ ಪ್ಲಾಸ್ಟಿಕ್ ಪುಡಿ, ನೀರಿಗೆ ಅಂಜುವುದಿಲ್ಲ.

ಬಾನೆಟ್ಟು, ಮಡ್‌ಗಾರ್ಡುಗಳ ಉಬ್ಬು ಇನ್ನೊಂದು ಸವಾಲು. ತೆಂಗಿನಕಾಯಿಗೆ ಕಾಗದ ಸುತ್ತಿದರೆ ಸುಕ್ಕು ಬೀಳುತ್ತದಲ್ಲ, ಅದು ನಮ್ಮ ಕೈಯ ದೋಷವಲ್ಲ. ಎರಡೂ ದಿಕ್ಕಿಗೆ ಬಾಗಿದ ಮೈಯನ್ನು ಚಪ್ಪಟೆ ಹಾಳೆ ಹಿಗ್ಗದೆ ಹರಿಯದೆ ಹೊದೆಯಲಾರದು ಎಂಬುದು 1827ರಲ್ಲಿ ಗಣಿತಜ್ಞ ಗೌಸ್ ಕೊಟ್ಟ ಪ್ರಮೇಯದಿಂದಲೇ ಹೊರಡುತ್ತದೆ. ಹಾಗಾಗಿ ಪೊರೆಯನ್ನು ಹಿಗ್ಗುವಂತೆ ಮಾಡಬೇಕು. ಡೆಕಾಲ್ ಮೆದುಗೊಳಿಸುವ ದ್ರಾವಣ ಮಾಡುವುದು ಅದನ್ನೇ. ಅಳತೆಯನ್ನೂ ಫೋಟೊದಿಂದ ತೆಗೆಯಬೇಡಿ, ಉಬ್ಬಿದ ಮೈ ಫೋಟೊದಲ್ಲಿ ಗಿಡ್ಡವಾಗಿ ಕಾಣುತ್ತದೆ. ಕಾರಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಪೆನ್ಸಿಲಿನಲ್ಲಿ ಅಂಚು ಗುರುತಿಸಿ, ಬಿಡಿಸಿ, ಸಮನಾಗಿ ಹರಡಿ ಸ್ಕ್ಯಾನ್ ಮಾಡಿ. ನಾನು ಕಂಡಂತೆ ಇದಕ್ಕಿಂತ ನಂಬಿಗಸ್ತ ದಾರಿ ಇಲ್ಲ.

ಬಣ್ಣದ್ದೂ ಒಂದು ಮಾತು. ಮನೆಯ ಪ್ರಿಂಟರಿನಲ್ಲಿ ಬಿಳಿ ಮಸಿ ಇರುವುದಿಲ್ಲ. ಬಿಳಿಯೆಂದರೆ ಅದಕ್ಕೆ ಖಾಲಿ ಬಿಟ್ಟ ಕಾಗದ. ಉಳಿದ ಮಸಿಗಳೂ ಬೆಳಕನ್ನು ಒಳಬಿಡುವಂಥವು. ಪಾರದರ್ಶಕ ಪೊರೆಯ ಮೇಲೆ ಮುದ್ರಿಸಿದ ಹಳದಿ ಪಟ್ಟಿ ಕಪ್ಪು ಕಾರಿನ ಮೇಲೆ ಮಾಯವಾಗುತ್ತದೆ. ನಂಬರ್ ಪ್ಲೇಟಿಗೆ, ಅದು ಟ್ಯಾಕ್ಸಿಯ ಹಳದಿಯದೇ ಇರಲಿ, ಬಿಳಿ ತಳದ ಡೆಕಾಲ್ ಹಾಳೆಯನ್ನೇ ಕೊಳ್ಳಿ.

ಡೆಕಾಲ್ ಹಾಳೆ ದುಬಾರಿ. ಮೊದಲು ಸಾದಾ ಕಾಗದದ ಮೇಲೆ ಮುದ್ರಿಸಿ, ಚಿತ್ರದ ಪಕ್ಕದಲ್ಲೇ 50 ಮಿ.ಮೀ. ಉದ್ದದ ಗೆರೆಯೊಂದನ್ನೂ ಹಾಕಿಕೊಳ್ಳಿ. ಆ ಗೆರೆ ಸ್ಕೇಲಿನಲ್ಲಿ 48 ತೋರಿಸಿದರೆ ಪ್ರಿಂಟರು ಪುಟಕ್ಕೆ ಹೊಂದಿಸಲು ಚಿತ್ರವನ್ನು ಕುಗ್ಗಿಸಿದೆ ಎಂದರ್ಥ. ಸೆಟ್ಟಿಂಗ್‌ನಲ್ಲಿ ಅಳತೆಯನ್ನು ನೂರಕ್ಕೆ ನೂರು ಮಾಡಿ ಇನ್ನೊಮ್ಮೆ ಮುದ್ರಿಸಿ.