ತೂಕ ಇಳಿಸೋದು ಯಾಕೆ ಕಷ್ಟ?



ದಪ್ಪಗಿರುವವರನ್ನು ಕಂಡರೆ "ಚೆನ್ನಾಗಿ ತಿಂತಾರೆ, ಮೈ ಬಗ್ಗಿಸಲ್ಲ" ಎಂದು ನಗುವವರೇ ಹೆಚ್ಚು. ಆದರೆ ತೂಕ ಇಳಿಸುವುದು ಬರೀ ಮನಸ್ಸು ಮಾಡುವ ಮಾತಲ್ಲ. ಅದರ ಹಿಂದೆ ಲೆಕ್ಕವೂ ಇದೆ, ವಿಜ್ಞಾನವೂ ಇದೆ.

ಮೊದಲು ಲೆಕ್ಕ ನೋಡೋಣ. 1 ಗ್ರಾಂ ಸಕ್ಕರೆಯಿಂದ 4 ಕ್ಯಾಲೊರಿ, 1 ಗ್ರಾಂ ಎಣ್ಣೆಯಿಂದ 9 ಕ್ಯಾಲೊರಿ ಶಕ್ತಿ ಸಿಗುತ್ತದೆ. ಖರ್ಚಾಗದೆ ಉಳಿದದ್ದನ್ನು ದೇಹ ಕೊಬ್ಬಾಗಿ ಕೂಡಿಡುತ್ತದೆ. ಮೈಮೇಲಿನ 1 ಕಿಲೋ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ! 60 ಕಿಲೋ ತೂಕದವರು ಒಂದು ಗಂಟೆ ನಡೆದರೆ ಖರ್ಚಾಗೋದು ಸುಮಾರು 200. ಹಾಗಾದರೆ ಬರೀ ನಡಿಗೆಯಿಂದ 1 ಕಿಲೋ ಇಳಿಸಲು ತಿಂಗಳಿಗಿಂತ ಹೆಚ್ಚು ಬೇಕು. ನಡೆದು ಬಂದು ಎರಡು ಬೋಂಡ ತಿಂದರೆ ಆ ದಿನದ್ದು ಅಲ್ಲಿಗೇ ಚುಕ್ತಾ.

ಇನ್ನು ವಿಜ್ಞಾನ. ಹಿಂದೆ ಬರಗಾಲದಲ್ಲಿ ನಮ್ಮ ಊರುಗಳನ್ನು ಕಾಯುತ್ತಿದ್ದುದು ಹಗೇವಿನ ರಾಗಿ. ಕೊಬ್ಬು ಸಹ ದೇಹದ ಹಗೇವು. ಅದು ಎಷ್ಟಿದೆ ಎಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಎಂಬ ಹಾರ್ಮೋನನ್ನು 1994ರಲ್ಲಿ ಅಮೆರಿಕದ ಜೆಫ್ರಿ ಫ್ರೀಡ್ಮನ್ ಮತ್ತು ಸಂಗಡಿಗರು ಪತ್ತೆ ಹಚ್ಚಿದರು. ಕೊಬ್ಬು ಕರಗಿದರೆ ಲೆಪ್ಟಿನ್ ಇಳಿಯುತ್ತದೆ. ಆಗ ಮಿದುಳು "ಬರ ಬಂತು" ಎಂದುಕೊಂಡು ಹಸಿವು ಹೆಚ್ಚಿಸುತ್ತದೆ, ಮೈಯ ಖರ್ಚು ಕಡಿಮೆ ಮಾಡುತ್ತದೆ.

ನಮ್ಮ ದೊಡ್ಡವ್ವನಿಗೆ ಸಕ್ಕರೆ ಕಾಯಿಲೆ. ತೂಕ ಇಳಿಸಲೇಬೇಕು ಎಂದರು ಡಾಕ್ಟರು. ದೊಡ್ಡವ್ವ ರಾತ್ರಿ ಊಟವನ್ನೇ ಬಿಟ್ಟಳು. ಮೊದಲ ವಾರ 2 ಕಿಲೋ ಇಳೀತು; ಮೊದಮೊದಲು ಹೀಗೆ ಬೇಗ ಇಳಿಯುವುದರಲ್ಲಿ ಬಹುಪಾಲು ನೀರು. ಆಮೇಲೆ ನಿಂತುಹೋಯಿತು. ಹೊಸತೊಡಕು ಕಳೆಯುವಷ್ಟರಲ್ಲಿ ಇಳಿದದ್ದೆಲ್ಲ ವಾಪಸ್. "ಬಾಯಿ ಕಟ್ಟಕ್ಕಾಗಲ್ಲ ಇವಳಿಗೆ" ಅಂತ ನೆಂಟರು ಆಡಿಕೊಂಡರು. ದೊಡ್ಡವ್ವ ಅತ್ತುಬಿಟ್ಟಳು. ತಪ್ಪು ಅವಳ ಬಾಯಿಯದಲ್ಲ, ಹಗೇವಿನ ಕಾವಲು ಅಷ್ಟು ಬಿಗಿ.

ಹಾಗಾದರೆ ಏನು ಮಾಡಬೇಕು?

1. ಗುರಿ ಚಿಕ್ಕದಿರಲಿ. 70 ಕಿಲೋ ಇರುವವರು ಮೂರೂವರೆ ಕಿಲೋ ಇಳಿಸಿದರೂ ಸಕ್ಕರೆ ಕಾಯಿಲೆಗೆ ಒಳ್ಳೆಯದು.
2. ಊಟ ಬಿಡಬೇಡಿ. ಮುದ್ದೆ ಸ್ವಲ್ಪ ಚಿಕ್ಕದಾಗಲಿ, ಸೊಪ್ಪು ಕಾಳು ಹೆಚ್ಚಲಿ. ನಮ್ಮ ಬಸ್ಸಾರು, ಉಪ್ಸಾರು ಇದಕ್ಕೆ ಹೇಳಿ ಮಾಡಿಸಿದ್ದು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಉಪವಾಸ ಮಾಡಲೇಬಾರದು.
3. ದಿನಕ್ಕೆ 4 ಲೋಟ ಟೀ, ಲೋಟಕ್ಕೆ 2 ಚಮಚ ಸಕ್ಕರೆ ಅಂದರೆ 160 ಕ್ಯಾಲೊರಿ. ಮೊದಲು ಅದನ್ನು ಬಿಡಿ. ಬೆಲ್ಲ ಹಾಕಿದರೂ ಲೆಕ್ಕ ಹೆಚ್ಚುಕಡಿಮೆ ಅಷ್ಟೇ!
4. ದಿನಾ ನಡೆಯಿರಿ. ಇಳಿದ ತೂಕ ಮತ್ತೆ ಏರದಂತೆ ತಡೆಯಲು ನಡಿಗೆ ಬೇಕು.

ದೊಡ್ಡವ್ವ ಈಗ ಹೀಗೇ ಮಾಡ್ತಿದ್ದಾಳೆ. ಐದು ತಿಂಗಳಿಗೆ 3 ಕಿಲೋ ಇಳಿದಿದೆ.

ಸಣ್ಣಗಿರುವವರು ಹಿಗ್ಗಬೇಡಿ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1997ರಿಂದ ನಡೆದ ಅಧ್ಯಯನದಲ್ಲಿ ಅಲ್ಲಿ ಹುಟ್ಟಿದ ಮಕ್ಕಳನ್ನು ಅಳೆದು ನೋಡಿದರು. ಇಂಗ್ಲೆಂಡಿನ ಕೂಸುಗಳಿಗಿಂತ ನಮ್ಮವರ ತೂಕ ಕಡಿಮೆ, ಮಾಂಸಖಂಡವೂ ಕಡಿಮೆ. ಆದರೆ ಬೆನ್ನಿನ ಚರ್ಮದ ಕೆಳಗಿನ ಕೊಬ್ಬು ಅಷ್ಟು ಕಡಿಮೆ ಇರಲಿಲ್ಲ. ಆದ್ದರಿಂದ ದೊಡ್ಡವರು ತೂಕದ ಜೊತೆ ಸೊಂಟದ ಸುತ್ತಳತೆಯನ್ನೂ ನೋಡಬೇಕು. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು.

ನಾವು ಬೆಳೆಯುವ ಮಕ್ಕಳು. ತೆಳ್ಳಗಾಗಬೇಕೆಂದು ಬಿಸಿಯೂಟ ಬಿಡಬೇಡಿ, ಆಟ ಆಡಿ. ಯಾರನ್ನೂ "ಡುಮ್ಮಿ", "ಡುಮ್ಮ" ಎಂದು ಕರೆಯಬೇಡಿ. ನಗೋದ್ರಿಂದ ಯಾರ ಕೊಬ್ಬೂ ಕರಗಲ್ಲ. ಬದಲು, "ಬಾ, ಕೆರೆ ಏರಿವರೆಗೂ ನಡೆದು ಬರೋಣ" ಅನ್ನಿ.

– 10ನೇ ತರಗತಿ ವಿದ್ಯಾರ್ಥಿನಿ